ಇಬ್ಬರಿಗೆ ಒಂದೇ ಟವೆಲ್

ಹಳಿಯಾಳದ ನಮ್ಮ ಓಣಿಯಲ್ಲಿ ಮಹಾಂತಪ್ಪನವರನ್ನು ಬೈದವರನ್ನು ನಾನು ಕಂಡಿರಲಿಲ್ಲ. ಅವರ ಕಣ್ಣು ಚುರುಕು, ಬಾಯಿ ಭದ್ರ. ಯಾರ ಮಗ ಕಾಲೇಜಿಗೆಂದು ಹೊರಟು ಬಸ್ ಸ್ಟ್ಯಾಂಡಿನಲ್ಲೇ ದಿನ ಕಳೆದ, ಯಾರ ಸೊಸೆ ಸಂತೆಗೆ ಹೋದವಳು ಗಿರಮಿಟ್ಟು ತಿಂದು ಬಾಯಿ ಒರೆಸಿಕೊಂಡು ಬಂದಳು, ಎಲ್ಲ ಅವರಿಗೆ ಗೊತ್ತಿರುತ್ತಿತ್ತು, ಎಲ್ಲ ಅವರಲ್ಲೇ ಉಳಿಯುತ್ತಿತ್ತು. ಕಂಡದ್ದನ್ನೆಲ್ಲ ಹೇಳುತ್ತ ಹೋದರೆ ಊರಲ್ಲಿ ಒಂದು ಮನೆಯೂ ನೆಟ್ಟಗೆ ಉಳಿಯುವುದಿಲ್ಲ ಎನ್ನುತ್ತಿದ್ದರು. ಅವರ ಹೆಂಡತಿ ಮಾಲವ್ವನಿಗೂ ಓಣಿಯ ಸುದ್ದಿ ಹೊರಗಿನವರಿಂದಲೇ ತಿಳಿಯಬೇಕಾಗುತ್ತಿತ್ತು.

ನಾನು ದಾಂಡೇಲಿಯ ಬಂಗೂರನಗರದ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಾಠದಲ್ಲಿ ‘ಟರ್ನ್ ಎ ಬ್ಲೈಂಡ್ ಐ’ ಎಂಬ ಮಾತು ಬಂದರೆ ಮಕ್ಕಳು ಪೆನ್ನು ಹಿಡಿದು ಅರ್ಥಕ್ಕಾಗಿ ಕಾಯುತ್ತಾರೆ. ಕಂಡೂ ಕಾಣದಂತೆ ಇರುವುದು ಎಂದು ಹಲಗೆಯ ಮೇಲೆ ಬರೆದರೆ ಅವರಿಗೆ ಸಾಕು. ಮೊದಲು ನನಗೂ ಸಾಕಾಗುತ್ತಿತ್ತು. ಈಗ ಆ ಮಾತು ಬಂದ ದಿನ ಪುಸ್ತಕ ಮುಚ್ಚಿಟ್ಟು ಮಹಾಂತಪ್ಪನವರ ಕತೆ ಹೇಳುತ್ತೇನೆ. ಓಣಿಯಲ್ಲಿ ಅದು ಎಲ್ಲರಿಗೂ ಗೊತ್ತಿದೆ. ಹೇಳಲು ಅವರದೂ ಅಡ್ಡಿಯಿಲ್ಲ.

ಅವರು ಬೈಲಹೊಂಗಲ ಕಡೆಯವರು. ಹರೆಯದಲ್ಲಿ ಕೆಲಸ ಹುಡುಕಿಕೊಂಡು ದಾಂಡೇಲಿಗೆ ಬಂದು, ಇಪ್ಪತ್ತು ವರ್ಷ ಅಲ್ಲಿನ ದೊಡ್ಡ ಕಾಗದದ ಮಿಲ್ಲಿನಲ್ಲಿ ಗುತ್ತಿಗೆಯ ಮೇಲೆ ದುಡಿದರು. ಆಮೇಲೆ ಹಳಿಯಾಳದ ಹೊರಗಿನ ಒಂದು ಸಣ್ಣ ರಟ್ಟಿನ ಕಾರ್ಖಾನೆ ಸೇರಿದರು. ಅಲ್ಲಿ ರದ್ದಿ ಕಾಗದವನ್ನು ನೀರಿನಲ್ಲಿ ಅರೆದು ರಟ್ಟು ಮಾಡುತ್ತಾರೆ. ಅರೆಯುವುದು ಒಂದು ಕಬ್ಬಿಣದ ತೊಟ್ಟಿಯಲ್ಲಿ. ಎರಡು ಆಳಿನ ಆಳ ಇರುವುದರಿಂದ ಕೆಲಸಗಾರರು ಅದನ್ನು ಬಾವಿ ಎಂದೇ ಕರೆಯುತ್ತಾರೆ. ತಳದಲ್ಲಿ ಬಂಡಿಯ ಗಾಲಿಯಷ್ಟು ಅಗಲದ ಅಲಗು. ಸ್ವಿಚ್ ಹಾಕಿ ಐದು ಎಣಿಸುವಷ್ಟರಲ್ಲಿ ಅದು ಪೂರ್ತಿ ವೇಗಕ್ಕೆ ಬರುತ್ತದೆ.

ರದ್ದಿಯ ಜೊತೆ ಬಂದ ತಂತಿ, ಸುತಳಿ, ಪ್ಲಾಸ್ಟಿಕ್ ಪಟ್ಟಿ ಈ ಅಲಗಿಗೆ ಸುತ್ತಿಕೊಳ್ಳುತ್ತವೆ. ದಿನಕ್ಕೊಮ್ಮೆ ನೀರು ಹೊರಗೆ ಬಿಟ್ಟು, ಗೋಡೆಗೆ ಬೆಸೆದ ಕಬ್ಬಿಣದ ಮೆಟ್ಟಿಲು ಹಿಡಿದು ಒಬ್ಬರು ಒಳಗಿಳಿದು ಅದನ್ನೆಲ್ಲ ಕತ್ತರಿಸಿ ತೆಗೆಯಬೇಕು. ತಳದ ಒಂದು ಬದಿಗೆ ಕಲ್ಲು, ಮೊಳೆ ಬಂದು ಬೀಳಲೆಂದು ಒಂದು ಗೂಡು ಇದೆ. ಅದನ್ನು ಬಳಿದು ತೆಗೆಯಬೇಕಾದರೆ ಮನುಷ್ಯ ಹೊಟ್ಟೆಯ ಮೇಲೆ ಮಲಗಿ ಸೊಂಟದವರೆಗೆ ಒಳಗೆ ತೂರಬೇಕು. ಕಾಲು ರಾಡಿಯಲ್ಲಿ ಹೂತಿರುತ್ತದೆ, ಆಗ ಮೇಲಿನಿಂದ ಬಗ್ಗಿ ನೋಡಿದವರಿಗೆ ಅವನು ಕಾಣುವುದಿಲ್ಲ. ಕಂಡರೂ ಕಾಗದದ ರಾಡಿಯ ಬಣ್ಣವೇ ಅವನ ಬಣ್ಣ.

ಬಾವಿಯ ಸ್ವಿಚ್ ಇರುವುದು ಗೋಡೆಯ ಆಚೆಗಿನ ಕೋಣೆಯಲ್ಲಿ. ಅದು ಮಹಾಂತಪ್ಪನವರ ಜಾಗ. ಅಲ್ಲಿ ಕೂತವರಿಗೆ ಬಾವಿಯ ತಳ ಕಾಣುವುದಿಲ್ಲ. ದೊಡ್ಡ ಮಿಲ್ಲಿನಲ್ಲಿ, ಯಂತ್ರದೊಳಗೆ ಹೋಗುವವನು ಸ್ವಿಚ್ಚಿಗೆ ತನ್ನ ಬೀಗ ಜಡಿದು ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗುವುದನ್ನು ಅವರು ನೋಡಿದ್ದರು. ಇಲ್ಲಿ ಬೀಗ ಇರಲಿಲ್ಲ. ಎರಡು ಸಲ ಕೇಳಿ, ಕೊನೆಗೆ ತಾವೇ ಒಂದು ಪದ್ಧತಿ ಮಾಡಿದರು. ಇಳಿಯುವವನು ಹೆಗಲ ಮೇಲಿನ ಟವೆಲ್ ತೆಗೆದು ಸ್ವಿಚ್ಚಿನ ಹಿಡಿಕೆಗೆ ಗಂಟು ಹಾಕಬೇಕು. ಹತ್ತಿ ಬಂದ ಮೇಲೆ ಅವನೇ ಬಿಚ್ಚಬೇಕು. ಇನ್ನೊಬ್ಬರ ಟವೆಲ್ಲಿಗೆ ಯಾರೂ ಕೈ ಹಚ್ಚಬಾರದು, ಮಾಲೀಕರು ಬಂದು ನಿಂತರೂ ಹಚ್ಚಬಾರದು. ಮೊದಮೊದಲು ಜನ ನಕ್ಕರು. ಆಮೇಲೆ ರೂಢಿಯಾಯಿತು.

ಬಾವಿಯ ಕೆಲಸಕ್ಕೆ ಇಬ್ಬರಿದ್ದರು. ಜುಬೇರ ಹಳಿಯಾಳದವನೇ, ದುಂಡೇಶ ತೇರಗಾಂವದವನು. ಒಬ್ಬರನ್ನೊಬ್ಬರು ಬೈಯದೆ ಅವರ ದಿನ ಸಾಗುತ್ತಿರಲಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಚಹಾ ಕುಡಿಯುತ್ತಿರಲಿಲ್ಲ. ಒಂದು ದಿನ ಇಬ್ಬರೂ ಬಾವಿಗಿಳಿಯುವಾಗ ಹಿಡಿಕೆಯ ಮೇಲೆ ಒಂದೇ ಟವೆಲ್ ಇತ್ತು. ನಿನ್ನದೆಲ್ಲಿ ಎಂದು ಮಹಾಂತಪ್ಪನವರು ದುಂಡೇಶನನ್ನು ಕೇಳಿದರು.

"ಜುಬ್ಯಾಂದು ಐತೆಲ್ಲ ಕಾಕಾ. ಅಂವ ಮ್ಯಾಲ ಬಂದಾಗ ನಾನೂ ಬರ್ತೇನಿ. ಆ ಹಿಡಕಿ ಮಷಿ ಹತ್ತಿದ್ರ ಲಕ್ಷ್ಮಿ ಟವೆಲ್ ಒಗ್ಯಾಕ ಒಲ್ಲೆ ಅಂತಾಳ. ಜುಬ್ಯಾನ ಟವೆಲ್ ಹೆಂಗೂ ಹೊಲಸ ಐತಿ."

ಲಕ್ಷ್ಮಿ ಎಂದರೆ ದುಂಡೇಶನ ಹೆಂಡತಿ. ಜುಬೇರ ಅವನ ಬೆನ್ನಿಗೊಂದು ಗುದ್ದಿದ. ಮಹಾಂತಪ್ಪನವರು ನಕ್ಕು ಮುಖ ಆ ಕಡೆ ತಿರುಗಿಸಿದರು. ಹಿಡಿಕೆಯ ಗ್ರೀಸು ಟವೆಲ್ಲಿಗೆ ಹತ್ತುವುದು, ಹತ್ತಿದರೆ ಹೋಗದಿರುವುದು ಎರಡೂ ಖರೆಯೇ ಆಗಿತ್ತು. ಮರುದಿನವೂ ಒಂದೇ ಟವೆಲ್. ಆಮೇಲೆ ಎರಡು ವರ್ಷ ದುಂಡೇಶ ತನ್ನ ಟವೆಲ್ ಕಟ್ಟಲೇ ಇಲ್ಲ. ಮಹಾಂತಪ್ಪನವರು ಪ್ರತಿದಿನ ನೋಡಿದರು, ಪ್ರತಿದಿನ ಸುಮ್ಮನಿದ್ದರು.

ಅದು ಹೋದ ವರ್ಷದ ಮಾರ್ಚ್ ತಿಂಗಳ ಒಂದು ಶುಕ್ರವಾರ. ಹುಬ್ಬಳ್ಳಿಗೆ ಹೋಗಬೇಕಾದ ರಟ್ಟಿನ ಲಾರಿ ಗೇಟಿನ ಒಳಗೆ ನಿಂತಿತ್ತು. ಅರ್ಧ ಲೋಡು ಆಗಿತ್ತು, ಉಳಿದರ್ಧ ಇನ್ನೂ ತಯಾರಾಗಬೇಕಿತ್ತು. ಜುಬೇರ ಬೆಳಿಗ್ಗೆ ಬಾವಿಗಿಳಿದು ಅಲಗಿನ ತಂತಿಯನ್ನೆಲ್ಲ ಕತ್ತರಿಸಿ ತೆಗೆದಿದ್ದ. ಮೊಳೆಯ ಗೂಡು ಬಳಿಯುವುದು ಬಾಕಿ ಇತ್ತು. ಜುಮ್ಮಾ ನಮಾಜಿಗೆ ಹೊತ್ತಾದದ್ದರಿಂದ ಕೈಕಾಲು ತೊಳೆದು, ಬಂದು ಮುಗಿಸುತ್ತೇನೆ ಎಂದು ಮಹಾಂತಪ್ಪನವರಿಗೆ ಹೇಳಿ ಹೋದ. ಕೆಲಸ ಅರ್ಧಕ್ಕಿದ್ದುದರಿಂದ ಟವೆಲ್ ಬಿಚ್ಚಲಿಲ್ಲ. ಶುಕ್ರವಾರಗಳಲ್ಲಿ ಅವನು ಯಾವಾಗಲೂ ಹಾಗೇ ಮಾಡುತ್ತಿದ್ದ. ಅದರಲ್ಲಿ ತಪ್ಪೂ ಇರಲಿಲ್ಲ.

ದುಂಡೇಶ ಅಲ್ಲಿಯವರೆಗೆ ಲಾರಿಯ ಹತ್ತಿರ ಇದ್ದ. ಊಟದ ಬಿಡುವಾದಾಗ ಬಾವಿಯ ಕಡೆ ಬಂದ. ಗೂಡು ಹಾಗೇ ಉಳಿದಿತ್ತು. ನಮಾಜು ಮುಗಿಸಿ ಹಸಿದು ಬಂದವನು ಮತ್ತೆ ರಾಡಿಗಿಳಿಯಬೇಕಲ್ಲ ಎಂದು ಅವನಿಗೆ ಅನ್ನಿಸಿತು. ಅವನು ಬರುವುದರೊಳಗೆ ಮುಗಿಸಿದರೆ ಇಬ್ಬರೂ ಕೂಡಿ ಉಣ್ಣಬಹುದು. ಸ್ವಿಚ್ಚಿನ ಕೋಣೆಯ ಬಾಗಿಲಲ್ಲಿ ಇಣುಕಿದ. ಹಿಡಿಕೆಯ ಮೇಲೆ ಜುಬೇರನ ಟವೆಲ್ ಇತ್ತು. ಮಹಾಂತಪ್ಪನವರು ನಳದ ಹತ್ತಿರ ಕೈ ತೊಳೆಯುತ್ತಿದ್ದರು, ಬೆನ್ನು ಈ ಕಡೆಗಿತ್ತು. ದುಂಡೇಶ ಬುತ್ತಿಯ ಗಂಟನ್ನು ಕೋಣೆಯ ಬೆಂಚಿನ ಮೇಲಿಟ್ಟ. ಪಕ್ಕದ ಪಂಪಿನ ಸದ್ದಿಗೆ ದಿನವೂ ಮಾಡುವಂತೆ ಕಿವಿಗೆ ಅರಳೆ ತುಂಬಿಕೊಂಡ, ಬಾವಿಗಿಳಿದ, ಹೊಟ್ಟೆಯ ಮೇಲೆ ಮಲಗಿ ಗೂಡಿನೊಳಗೆ ತೂರಿದ. ಅವನು ಇಳಿದದ್ದನ್ನು ಒಬ್ಬರೂ ನೋಡಲಿಲ್ಲ.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಸೂಪರ್‌ವೈಸರ್ ಸುಭಾಸ ಬಂದರು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಕೆಟ್ಟ ಮನುಷ್ಯರಲ್ಲ, ಆದರೆ ಮಾಲೀಕರ ಫೋನು ಬಂದರೆ ಎದ್ದು ನಿಂತು ಮಾತಾಡುವವರು. ಅವತ್ತು ಬೆಳಿಗ್ಗೆಯಿಂದ ಮೂರು ಸಲ ಫೋನು ಬಂದಿತ್ತು. ಬಾವಿಯ ಅಂಚಿಗೆ ನಿಂತು ಬ್ಯಾಟರಿ ದೀಪ ಬಿಟ್ಟು ನೋಡಿದರು. ಅಲಗು ಸ್ವಚ್ಛವಾಗಿತ್ತು. ಕೆಳಗೆ ಬೂದು ಬಣ್ಣದ ರಾಡಿ ಬಿಟ್ಟು ಏನೂ ಕಾಣಲಿಲ್ಲ. ಗೂಡು ನಾಳೆ ಬಳಿದರಾಯಿತು ಎಂದುಕೊಂಡು ಸ್ವಿಚ್ಚಿನ ಕೋಣೆಗೆ ಬಂದು, ಚಾಲೂ ಮಾಡಿ ಎಂದರು.

ಮಹಾಂತಪ್ಪನವರು ಹಿಡಿಕೆಯ ಮೇಲಿನ ಟವೆಲ್ ತೋರಿಸಿದರು.

ಅದು ಜುಬೇರನದು, ಜುಬೇರ ಮಸೀದಿಯಲ್ಲಿದ್ದಾನೆ ಎಂದರು ಸುಭಾಸ. ಅವನು ಬಂದು ಬಿಚ್ಚಲಿ ಎಂದರು ಮಹಾಂತಪ್ಪನವರು. ಸುಭಾಸ ಜುಬೇರನಿಗೆ ಫೋನು ಹಚ್ಚಿದರು, ಬಂದ್ ಇತ್ತು. ನಮಾಜಿನ ಹೊತ್ತಿನಲ್ಲಿ ಇನ್ನೇನಿರುತ್ತದೆ. ಅಷ್ಟರಲ್ಲಿ ಮಾಲೀಕರ ಫೋನು ನಾಲ್ಕನೆಯ ಸಲ ಬಂತು. ಸುಭಾಸ ಹೊರಗೆ ಹೋಗಿ ಮಾತಾಡಿ ಬಂದರು. ಬರುವಾಗ ಕಿವಿ ಕೆಂಪಾಗಿತ್ತು. ಹೊರಗೆ ಲಾರಿಯವನು ಹಾರ್ನ್ ಒತ್ತಿ ಹಿಡಿದ.

"ಮನಶ್ಯಾ ಹೊರಗ ಅದಾನ ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ" ಎಂದರು ಸುಭಾಸ. "ಬರೇ ಒಂದು ಅರಿವಿ ಸಲುವಾಗಿ ಇಡೀ ಕಾರ್ಖಾನೆ ನಿಂದರಸ್ತೀರೇನು? ನೀವು ಒಂದ್ ನಿಮಿಷ ಆ ಕಡೆ ಮಾರಿ ಮಾಡ್ರಿ. ನಾನ ಬಿಚ್ಚತೇನಿ."

ಮಹಾಂತಪ್ಪನವರು ಮುಖ ತಿರುಗಿಸಲಿಲ್ಲ. ಹತ್ತು ನಿಮಿಷ ತಡೆಯಿರಿ ಎಂದಷ್ಟೇ ಹೇಳಿದರು. ಆಗ ಅವರ ಮನಸ್ಸಿನಲ್ಲಿ ದುಂಡೇಶ ಇರಲಿಲ್ಲ. ಅದನ್ನು ಅವರೇ ನನಗೆ ಹೇಳಿದ್ದಾರೆ. ಇದ್ದದ್ದು ತಾವು ಮಾಡಿದ ಪದ್ಧತಿ ಮತ್ತು ಅದನ್ನು ಕಾಯುವ ಹಟ.

ಒಂದೂವರೆಗೆ ಜುಬೇರನೇ ತಿರುಗಿ ಫೋನು ಮಾಡಿದ. ಸುಭಾಸ ಸ್ಪೀಕರ್ ಹಾಕಿ ಮಹಾಂತಪ್ಪನವರ ಮುಂದೆ ಹಿಡಿದರು.

"ಕಾಕಾ, ನಾ ಮಸೂತಿ ಮುಂದ ಚಪ್ಪಲಿ ಹಾಕ್ಕೊಳಾಕತ್ತೇನಿ. ಬರಾಕ ಇನ್ನೂ ಹೊತ್ತಾಗತೈತಿ. ಟವೆಲ್ ಬಿಚ್ಚಿ ಒಗೀರಿ. ನಂದು ಅದು, ನಾನ ಹೇಳಾಕತ್ತೇನಲ್ಲ."

ಇನ್ನು ತಡೆಯಲು ಕಾರಣ ಉಳಿಯಲಿಲ್ಲ. ಟವೆಲ್ಲಿನ ಒಡೆಯ ಹೊರಗಿದ್ದ. ಒಡೆಯನೇ ಒಪ್ಪಿಗೆ ಕೊಟ್ಟಿದ್ದ. ಮಹಾಂತಪ್ಪನವರು ಗಂಟಿಗೆ ಕೈ ಹಾಕಿದರು. ಬಿಗಿಯಾಗಿ ಕಟ್ಟಿದ ಎರಡು ಸುತ್ತಿನ ಗಂಟು. ಮೇಲಿನದು ಬಿಚ್ಚಿತು. ಕೆಳಗಿನದು ಉಗುರಿಗೆ ಸಿಗದೆ ಜಾರಿತು. ಬಗ್ಗಿ ಹಲ್ಲಿನಿಂದ ಎಳೆಯಬೇಕೆಂದು ತಲೆ ಓರೆ ಮಾಡಿದರು. ಓರೆ ಮಾಡಿದ ಕಣ್ಣಿಗೆ ಬೆಂಚು ಕಂಡಿತು. ಬೆಂಚಿನ ಮೇಲೆ ದುಂಡೇಶನ ಬುತ್ತಿ ಇತ್ತು. ಲಕ್ಷ್ಮಿ ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು.

ಬೆಳಿಗ್ಗೆ ಆರಕ್ಕೆ ಮನೆ ಬಿಡುವ ದುಂಡೇಶ ಹನ್ನೆರಡೂವರೆ ಆದರೆ ಒಂದು ನಿಮಿಷ ತಡೆಯುವವನಲ್ಲ. ರೊಟ್ಟಿಯ ಗಂಟು ಬಿಚ್ಚಿ ಮೊದಲು ಚಟ್ನಿಪುಡಿಯ ವಾಸನೆ ನೋಡಿ, ಇವತ್ತು ಹೆಂಡತಿ ಸಿಟ್ಟಿನಲ್ಲಿದ್ದಾಳೋ ಸಮಾಧಾನದಲ್ಲಿದ್ದಾಳೋ ಎಂದು ಎಲ್ಲರಿಗೂ ಹೇಳುವವನು. ಈಗ ಒಂದೂವರೆ.

ದುಂಡೇಶ ಎಲ್ಲಿ ಎಂದು ಮಹಾಂತಪ್ಪನವರು ಕೇಳಿದರು. ಲಾರಿಯ ಕಡೆ ಇರಬೇಕು ಎಂದರು ಸುಭಾಸ. ಯಾಕೆ, ಅವನದೇನು ಈಗ?

ಈ ‘ಯಾಕೆ’ಗೆ ಉತ್ತರ ಕೊಡಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಹೇಳಿದರೆ ಹುಡುಗರಿಬ್ಬರ ಹೆಸರು ಮಾಲೀಕರವರೆಗೆ ಹೋಗುತ್ತದೆ. ನಿನಗೆ ಯಾವಾಗಿನಿಂದ ಗೊತ್ತು ಎಂಬ ಪ್ರಶ್ನೆ ತಮ್ಮ ಕಡೆಗೂ ಬರುತ್ತದೆ. ಹೇಳದೆ, ನೆವ ತೆಗೆದು ಲಾರಿಯವರೆಗೆ ಹೋಗಿ ನೋಡಿ ಬರೋಣವೆಂದರೆ, ತಾವು ಹೊಸಿಲು ದಾಟಿದ ಕೂಡಲೇ ಸುಭಾಸ ಉಳಿದ ಗಂಟು ಬಿಚ್ಚುತ್ತಾರೆ. ಐದು ಎಣಿಸುವಷ್ಟು ಹೊತ್ತು ಸಾಕು. ಸುಭಾಸರ ಕೈ ಆಗಲೇ ಹಿಡಿಕೆಯ ಹತ್ತಿರ ಬಂದಿತ್ತು. ಮಹಾಂತಪ್ಪನವರು ನಡುವೆ ಹೊಕ್ಕು, ಹಿಡಿಕೆಗೆ ಬೆನ್ನು ಕೊಟ್ಟು ನಿಂತರು. ಕಬ್ಬಿಣ ಅಂಗಿಯೊಳಗಿಂದ ಬೆನ್ನಿಗೆ ಒತ್ತುತ್ತಿತ್ತು.

"ಸರ, ಈ ಟವೆಲ್ ಜುಬೇರಂದು ಒಬ್ಬಂದಲ್ಲ. ದುಂಡೇಶಂದೂ ಇದ. ಅಂವ ತಂದು ಕಟ್ಟೂದಿಲ್ಲ, ಇದರ ಮ್ಯಾಲ ಇಳೀತಾನ. ಎರಡು ವರ್ಷಾತು."

"ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲ. ನಾ ದಿನಾ ನೋಡೇನಿ."

"ನೋಡಿ ಸುಮ್ನಿದ್ರಿ?"

"ಸುಮ್ನಿದ್ದೆ."

ಸುಭಾಸ ಗೋಡೆಯ ಕಡೆ ನೋಡಿದರು. ಆ ಗೋಡೆಯಾಚೆಗೇ ಬಾವಿ. ನಾನು ಬ್ಯಾಟರಿ ಬಿಟ್ಟು ನೋಡಿದ್ದೇನೆ, ಯಾರೂ ಇಲ್ಲ ಎಂದರು. ಗೂಡಿನಲ್ಲಿ ತೂರಿದವನು ಮೇಲಿನಿಂದ ಕಾಣುವುದಿಲ್ಲ ಎಂದು ಮಹಾಂತಪ್ಪನವರು ಹೇಳಿದಾಗ, ಅವರು ಹಿಡಿಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಆದರೂ ಮಹಾಂತಪ್ಪನವರು ಹಾಗೇ ಬಿಟ್ಟು ಹೋಗಲಿಲ್ಲ. ಬಿಚ್ಚಿದ್ದ ಮೇಲಿನ ಗಂಟನ್ನು ಮತ್ತೆ ಬಿಗಿದರು. ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು ಅದರ ಮೇಲೆ ಎರಡು ಸುತ್ತು ಸುತ್ತಿ ಕಟ್ಟಿದರು. "ಇದು ನಂದು" ಎಂದು ಸುಭಾಸರ ಮುಖ ನೋಡಿ ಹೇಳಿ ಹೊರಟರು.

ಬಾವಿಯ ಅಂಚಿನಲ್ಲಿ ನಿಂತು ದುಂಡೇಶನ ಹೆಸರು ಹಿಡಿದು ಕೂಗಿದರು. ಪಂಪಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಇನ್ನೊಮ್ಮೆ ಕೂಗಿದರು. ಆಮೇಲೆ ಚಪ್ಪಲಿ ಬಿಟ್ಟು ಮೆಟ್ಟಿಲಿಗೆ ಕಾಲಿಟ್ಟರು. ಐವತ್ತೇಳು ವಯಸ್ಸಿನ ಮೊಣಕಾಲು, ಮೆಟ್ಟಿಲ ಮೇಲೆ ಲೋಳೆಯಂಥ ರಾಡಿ. ಒಂದೊಂದು ಮೆಟ್ಟಿಲಿಗೂ, ಗೋಡೆಯಾಚೆಯಿಂದ ಮೋಟರಿನ ಗುಂಯ್ ಎನ್ನುವ ಸದ್ದು ಬರುತ್ತದೆಯೇ ಎಂದು ಕಿವಿ ಕೊಡುತ್ತಿದ್ದರಂತೆ. ದಿನವೂ ತಾವೇ ಹಾಕುವ ಸ್ವಿಚ್ಚು. ಅದರ ಸದ್ದು ಈ ಕೆಳಗೆ ಹೇಗೆ ಕೇಳಬಹುದು ಎಂದು ಅವರು ಎಂದೂ ಯೋಚಿಸಿರಲಿಲ್ಲ.

ತಳ ಮುಟ್ಟಿದಾಗ ಮೀನಗಂಡದವರೆಗೆ ಕಾಲು ಹೂತಿತು. ಕತ್ತಲೆಗೆ ಕಣ್ಣು ಹೊಂದುವವರೆಗೆ ತಡೆದು ನೋಡಿದರು. ಅಲಗಿನ ತುದಿಯಿಂದ ಒಂದು ಗೇಣು ಆಚೆ, ರಾಡಿಯ ಮೇಲೆ ಎರಡು ಹಿಮ್ಮಡ.

ಅವು ಅಲ್ಲಾಡುತ್ತಿದ್ದವು.

ಮಹಾಂತಪ್ಪನವರು ಬಗ್ಗಿ ಒಂದು ಹಿಮ್ಮಡ ಹಿಡಿದರು. ದುಂಡೇಶ ಬೆಚ್ಚಿ ತಲೆ ಎತ್ತಿದ. ಗೂಡಿನ ತಗಡಿಗೆ ತಲೆ ಬಡಿಯಿತು. ಬಾಯಿಗೆ ಬಂದದ್ದು ಬೈಯುತ್ತ, ಹಿಂದಕ್ಕೆ ತೆವಳುತ್ತ ಹೊರಬಂದು, ನೋಡಿದರೆ ಮಹಾಂತಪ್ಪ ಕಾಕಾ. ಕಿವಿಯ ಅರಳೆ ಕಿತ್ತ. ಬೈದದ್ದಕ್ಕೆ ನಾಲಿಗೆ ಕಚ್ಚಿಕೊಂಡು, "ಊಟ ಆತೇನ್ರಿ ಕಾಕಾ?" ಎಂದ.

ಮಹಾಂತಪ್ಪನವರಿಗೆ ಕೂರಲು ಬೇರೆ ಜಾಗ ಇರಲಿಲ್ಲ. ಅಲಗಿನ ಮೇಲೆಯೇ ಕೂತರು.

ಇಬ್ಬರೂ ಹತ್ತಿ ಬಂದಾಗ ಸುಭಾಸ ಸ್ವಿಚ್ಚಿನ ಕೋಣೆಯಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಮಹಾಂತಪ್ಪನವರು ತಮ್ಮ ಟವೆಲ್ ಬಿಚ್ಚಿಕೊಂಡರು. ಜುಬೇರನದನ್ನು ಮುಟ್ಟಲಿಲ್ಲ. ಜುಬೇರ ಬಂದು ಬಿಚ್ಚಿದ ಮೇಲೆಯೇ ಬಾವಿ ಚಾಲೂ ಆಯಿತು. ಲಾರಿ ಸಂಜೆ ಹೋಯಿತು.

ಸೋಮವಾರ ಮಾಲೀಕರು ವಿಚಾರಣೆಗೆ ಕೂತರು. ಅದಕ್ಕೂ ಮೊದಲು ಸುಭಾಸ ಮಹಾಂತಪ್ಪನವರನ್ನು ಬದಿಗೆ ಕರೆದು, ಅವತ್ತೊಂದು ದಿನ ಹೀಗಾಯಿತು ಎಂದುಬಿಡಿ, ಎರಡು ವರ್ಷದ ಮಾತು ನಾನು ಕೇಳಿಲ್ಲ ಎಂದರು. ಅದು ಅವರ ಉಪಕಾರ. ಮಹಾಂತಪ್ಪನವರು ಒಪ್ಪಲಿಲ್ಲ. ಒಳಗೆ ಹೋಗಿ, ಮೊದಲ ದಿನ ದುಂಡೇಶ ಏನೆಂದ, ತಾವು ಹೇಗೆ ನಕ್ಕು ಮುಖ ತಿರುಗಿಸಿದರು ಎನ್ನುವುದರಿಂದ ಹಿಡಿದು ಎಲ್ಲ ಹೇಳಿದರು. ದುಂಡೇಶನನ್ನು ಮೂರು ದಿನ ಕೆಲಸದಿಂದ ಹೊರಗಿಟ್ಟರು. ಮಹಾಂತಪ್ಪನವರನ್ನು ಸ್ವಿಚ್ಚಿನಿಂದ ತೆಗೆದು ರದ್ದಿ ಆರಿಸುವ ಅಂಗಳಕ್ಕೆ ಹಾಕಿದರು. ಸ್ವಿಚ್ಚಿಗೆ ಮಾತ್ರ ಒಬ್ಬೊಬ್ಬರಿಗೆ ಒಂದರಂತೆ ಬೀಗ ತರಿಸುವುದೆಂದು ತೀರ್ಮಾನವಾಯಿತು. ಬರುವವರೆಗೆ ಟವೆಲ್ಲೇ.

ಮಾಲವ್ವ ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ದುಂಡೇಶ ಒಂದು ತಿಂಗಳು ಮಾತಾಡಲಿಲ್ಲ. ಜೀವ ಉಳಿಸಿದ್ದು ಸರಿ, ನನ್ನ ಹೆಸರು ಯಾಕೆ ಹೇಳಬೇಕಿತ್ತು ಎಂದು ಊರ ತುಂಬ ಅಂದ. ಓಣಿಯಲ್ಲೂ ಒಬ್ಬಿಬ್ಬರು, ಮಹಾಂತಪ್ಪ ಮೊದಲಿನ ಹಾಗಿಲ್ಲ ಎಂದರು.

ಈ ಕತೆ ಹೇಳಿದ ಮೇಲೆ ನಾನು ತರಗತಿಯಲ್ಲಿ ಆ ಇಂಗ್ಲಿಷ್ ಮಾತಿಗೆ ಮರಳುತ್ತೇನೆ. ಕಣ್ಣು ಕಾಣದವರ ಬಗ್ಗೆ ಅದನ್ನು ಬಳಸುವುದಿಲ್ಲ. ಗಮನಿಸದೆ ಹೋದವರ ಬಗ್ಗೆಯೂ ಬಳಸುವುದಿಲ್ಲ. ಅವತ್ತು ಬ್ಯಾಟರಿ ಬಿಟ್ಟು ನೋಡಿ ಏನೂ ಕಾಣದೆ ಬಂದ ಸುಭಾಸರಿಗೆ ಅದು ಸಲ್ಲುವುದಿಲ್ಲ. ಕಂಡವನಿಗೆ, ತಿಳಿದವನಿಗೆ, ಬೇಡವೆನ್ನುವ ಅಧಿಕಾರ ಇದ್ದೂ ಮುಖ ತಿರುಗಿಸಿದವನಿಗೆ ಮಾತ್ರ ಸಲ್ಲುತ್ತದೆ. ಗಿರಮಿಟ್ಟು ತಿಂದ ಸೊಸೆಯ ವಿಷಯದಲ್ಲಿ ಅದು ದೊಡ್ಡ ಗುಣ. ಟವೆಲ್ಲಿನ ವಿಷಯದಲ್ಲಿ ಅದೇ ಗುಣ, ಅದೇ ನಗು, ಅದೇ ಮನುಷ್ಯ. ಹಾಗಾದರೆ ಮಹಾಂತಪ್ಪನವರು ಒಳ್ಳೆಯವರೋ ಅಲ್ಲವೋ ಎಂದು ಒಂದು ದಿನ ಒಬ್ಬ ಹುಡುಗಿ ಕೇಳಿದಳು. ಆ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದೆ.

ಕೊನೆಯದಾಗಿ ಒಂದು ಮಾತು. ಯುಗಾದಿ ಕಳೆದ ಮೇಲೆ ಒಂದು ಸಂಜೆ ದುಂಡೇಶ ಕೆಲಸ ಮುಗಿಸಿ ಹೋಗುವಾಗ ರದ್ದಿಯ ಅಂಗಳದಲ್ಲಿ ಮಹಾಂತಪ್ಪನವರ ಮುಂದೆ ಗಾಡಿ ನಿಲ್ಲಿಸಿದನಂತೆ. ಹೆಗಲ ಮೇಲಿನ ಟವೆಲ್ ತೆಗೆದು ತೋರಿಸಿದ. ಹೊಸದು, ಕಡುಗಪ್ಪು ಬಣ್ಣದ್ದು. ಲಕ್ಷ್ಮಿ ಹಳಿಯಾಳದ ಸಂತೆಯಲ್ಲಿ ಹುಡುಕಿ ತಂದದ್ದು.

"ಇದನ್ನ ಕಟ್ಟತೇನ್ರಿ ಈಗ, ದಿನಾ. ಮಷಿ ಹತ್ತಿದ್ರೂ ಕಾಣಸೂದಿಲ್ಲ ನೋಡ್ರಿ."

ಮಹಾಂತಪ್ಪನವರು ಟವೆಲ್ ಕೈಗೆ ತೆಗೆದುಕೊಂಡು ಬಿಡಿಸಿದರು, ಬೆಳಕಿಗೆ ಹಿಡಿದರು. ಅಂಚಿನಲ್ಲಿ ಒಂದು ಕಡೆ ಹೆಬ್ಬೆಟ್ಟಿನಷ್ಟು ಗ್ರೀಸು ಇತ್ತು.

"ನನಗ ಕಾಣಸ್ತೈತಿ" ಎಂದು ಮಡಚಿ ಅವನ ಹೆಗಲ ಮೇಲೆ ಹಾಕಿದರು.